ಸ್ವಂತ ಜಮೀನಿನಲ್ಲಿ ಮರ ಬೆಳೆಸುವುದು: ಪ್ರೋತ್ಸಾಹಧನ, ದಾಖಲೆ ಮತ್ತು ನಾಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ತಮ್ಮ ಹಿಡುವಳಿಯ ಬದುವಿನಲ್ಲೋ, ಪಾಳು ಬಿದ್ದ ತುಂಡು ನೆಲದಲ್ಲೋ ಮರ ಬೆಳೆಸಲು ಯೋಚಿಸುತ್ತಿರುವ ರೈತರು ಸಾಮಾನ್ಯವಾಗಿ ಮೊದಲು ಕೇಳುವುದು ಸರ್ಕಾರ ಎಷ್ಟು ಹಣ ಕೊಡುತ್ತದೆ ಎಂದು. ಅದಕ್ಕೆ ಇಲ್ಲಿ ಉತ್ತರವಿದೆ. ಆದರೆ ಮೂರು ವರ್ಷ ಬರುವ ಹಣಕ್ಕಿಂತ, ಹದಿನೈದು ಇಪ್ಪತ್ತು ವರ್ಷಗಳ ನಂತರ ಆ ಮರವನ್ನು ಕಡಿದು ಮಾರುವಾಗ ಕೈಯಲ್ಲಿರಬೇಕಾದ ಕಾಗದಗಳೇ ಹೆಚ್ಚು ಬೆಲೆಯವು ಎಂಬುದು ಈ ಪುಟವನ್ನು ಬರೆದವರ ಅಭಿಪ್ರಾಯ. ಆದ್ದರಿಂದ ಉತ್ತರಗಳು ಅಲ್ಲಲ್ಲಿ ದಾಖಲೆಗಳ ಕಡೆಗೇ ತಿರುಗುತ್ತವೆ.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಎಂದರೇನು? ಎಷ್ಟು ಹಣ ಸಿಗುತ್ತದೆ?

ಇದು ಕರ್ನಾಟಕ ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಯೋಜನೆ. ರೈತರು ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿಗಳನ್ನು ಕೊಂಡು ತಮ್ಮ ಜಮೀನಿನಲ್ಲಿ ನೆಡುತ್ತಾರೆ. ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷಗಳಲ್ಲಿ ಮೂರು ಕಂತು ಹಣ ಅವರ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲಿಗೆ ಸಸಿಯೊಂದಕ್ಕೆ ಒಟ್ಟು 45 ರೂಪಾಯಿ ಇದ್ದದ್ದು ನಂತರ 100 ರೂಪಾಯಿಗೆ, ಆಮೇಲೆ 125 ರೂಪಾಯಿಗೆ ಏರಿತು. 125 ರೂಪಾಯಿಯ ದರದಲ್ಲಿ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷದ ಕೊನೆಗೆ 40, ಮೂರನೆಯ ವರ್ಷದ ಕೊನೆಗೆ 50 ರೂಪಾಯಿ. ಹೆಕ್ಟೇರಿಗೆ ಗರಿಷ್ಠ 400 ಸಸಿಗಳಿಗೆ, ಅಂದರೆ ಎಕರೆಗೆ ಸುಮಾರು 160 ಸಸಿಗಳಿಗೆ ಈ ಹಣ ಅನ್ವಯಿಸುತ್ತದೆ. ಅದಕ್ಕಿಂತ ಹೆಚ್ಚು ನೆಡಬಾರದೆಂದೇನೂ ಇಲ್ಲ, ಹೆಚ್ಚುವರಿ ಸಸಿಗೆ ಹಣ ಇರುವುದಿಲ್ಲ.

ಕಂತುಗಳ ಮೊತ್ತ ವರ್ಷದಿಂದ ವರ್ಷಕ್ಕೆ ಏರುವುದನ್ನು ಗಮನಿಸಿ. ಈ ಯೋಜನೆ ಹಣ ಕೊಡುವುದು ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ.

ಒಂದಷ್ಟು ಸಸಿಗಳು ಸತ್ತರೆ ಲೆಕ್ಕ ಹೇಗಾಗುತ್ತದೆ?

ಆಯಾ ವರ್ಷದ ಪರಿಶೀಲನೆಯ ದಿನ ಜೀವಂತವಾಗಿರುವ ಸಸಿಗಳಿಗೆ ಮಾತ್ರ ಆ ವರ್ಷದ ಕಂತು ಸಿಗುತ್ತದೆ. 100 ಸಸಿ ನೆಟ್ಟು ನೂರೂ ಉಳಿದರೆ ಮೂರು ವರ್ಷಕ್ಕೆ 12,500 ರೂಪಾಯಿ. ಅದೇ ಮೊದಲ ವರ್ಷ 80, ಎರಡನೆಯ ವರ್ಷ 70, ಮೂರನೆಯ ವರ್ಷ 65 ಉಳಿದರೆ ಕ್ರಮವಾಗಿ 2,800, 2,800 ಮತ್ತು 3,250 ರೂಪಾಯಿ, ಒಟ್ಟು 8,850 ರೂಪಾಯಿ. ಮೊದಲ ಬೇಸಿಗೆಯಲ್ಲಿ ಸತ್ತ ಇಪ್ಪತ್ತು ಸಸಿಗಳು ಮೂರೂ ಕಂತುಗಳನ್ನು ತಮ್ಮೊಡನೆ ಒಯ್ದಿರುತ್ತವೆ. ಹೀಗಾಗಿ ಇನ್ನೂರು ನೆಟ್ಟು ನೂರು ಉಳಿಸಿಕೊಳ್ಳುವುದಕ್ಕಿಂತ, ನೀರು ಮತ್ತು ಬೇಲಿ ನಿಭಾಯಿಸಲು ಸಾಧ್ಯವಿರುವ ನೂರಿಪ್ಪತ್ತನ್ನಷ್ಟೇ ನೆಡುವುದು ಜಾಣತನ.

ಯಾವ ಸಸಿಗಳಿಗೆ ಪ್ರೋತ್ಸಾಹಧನ ಇಲ್ಲ?

ನೀಲಗಿರಿ, ಅಕೇಶಿಯಾ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸೀಡಿಯಾ, ಹಾಲುವಾಣ, ರಬ್ಬರ್ ಇವು ಯೋಜನೆಯ ಹೊರಗಿವೆ. ತೆಂಗು, ಅಡಿಕೆ, ಕಿತ್ತಳೆ ಹಾಗೂ ನಿಂಬೆ ಜಾತಿಯ ಎಲ್ಲ ಗಿಡಗಳು, ಕಸಿ ಮಾವು ಕೂಡ ಹೊರಗಿವೆ. ಅವು ತೋಟಗಾರಿಕೆಯ ವ್ಯಾಪ್ತಿಗೆ ಬರುತ್ತವೆ. ತೇಗ, ಹೊನ್ನೆ, ಮತ್ತಿ, ಹೆಬ್ಬೇವು, ಶ್ರೀಗಂಧ, ಹುಣಸೆ, ಹಲಸು, ನೇರಳೆ, ಬೇವು, ಹೊಂಗೆ, ನೆಲ್ಲಿ ಮೊದಲಾದವುಗಳಿಗೆ ಅಡ್ಡಿಯಿಲ್ಲ.

ಅರ್ಜಿ ಎಲ್ಲಿ ಕೊಡಬೇಕು, ಏನೇನು ಬೇಕು?

ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ. ನೋಂದಣಿ ಶುಲ್ಕ 10 ರೂಪಾಯಿ. ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಭಾವಚಿತ್ರ ಮತ್ತು ಸಸಿ ನೆಡುವ ಜಾಗವನ್ನು ಗುರುತಿಸಿದ ಜಮೀನಿನ ಕೈನಕ್ಷೆ ಬೇಕಾಗುತ್ತವೆ. ಬೇಸಿಗೆಯಲ್ಲೇ ಹೋಗಿ ಹೆಸರು ಬರೆಸಿ, ಯಾವ ಜಾತಿಯ ಎಷ್ಟು ಸಸಿ ಬೇಕೆಂದು ಹೇಳಿಡುವುದು ಒಳ್ಳೆಯದು; ಮಳೆ ಬಿದ್ದ ಮೇಲೆ ಹೋದವರಿಗೆ ಸಸ್ಯಕ್ಷೇತ್ರದಲ್ಲಿ ಉಳಿದದ್ದು ಸಿಗುತ್ತದೆಯೇ ಹೊರತು ಬೇಕಾದದ್ದಲ್ಲ.

ಸಸಿ ಕೊಂಡಾಗ ಕೊಡುವ ರಸೀದಿಯನ್ನು ಜೋಪಾನ ಮಾಡಿ. ಅದರಲ್ಲಿ ಜಾತಿ, ಸಂಖ್ಯೆ, ದಿನಾಂಕ ಮೂರೂ ಸರಿಯಾಗಿವೆಯೇ ಎಂದು ಕಚೇರಿಯ ಬಾಗಿಲು ದಾಟುವ ಮೊದಲೇ ಓದಿ ನೋಡಿ. ನಾವು ಮೊದಲ ಸಲ ನೆಟ್ಟಾಗ ರಸೀದಿಯಲ್ಲಿ ಹೊನ್ನೆ ಎಂದು ಬರೆಯಬೇಕಾದಲ್ಲಿ ಹೊಂಗೆ ಎಂದು ಬರೆದಿದ್ದರು, ಅಕ್ಷರವೊಂದರ ವ್ಯತ್ಯಾಸ. ಮರುವರ್ಷ ಪರಿಶೀಲನೆಗೆ ಬಂದವರು ಪುಸ್ತಕದಲ್ಲಿ ಹೊಂಗೆ, ನೆಲದಲ್ಲಿ ಹೊನ್ನೆ ಕಂಡು ಲೆಕ್ಕವನ್ನು ಬಾಕಿ ಇಟ್ಟು ಹೋದರು, ತಿದ್ದುಪಡಿಗೆ ನಾಲ್ಕು ಬಾರಿ ಅಲೆಯಬೇಕಾಯಿತು. ಈಗ ರಸೀದಿಯ ಫೋಟೊ ತೆಗೆದಿಡುವ ಅನುಕೂಲವಿದೆ, ಆದರೂ ಮೂಲ ಪ್ರತಿ ಪಹಣಿಯ ಕಡತದಲ್ಲೇ ಇರಲಿ.

ಪಹಣಿ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲಿದೆ. ಏನು ಮಾಡಬೇಕು?

ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿಕೊಳ್ಳಿ. ಜಂಟಿ ಖಾತೆಯಾಗಿದ್ದರೆ ಉಳಿದ ಖಾತೆದಾರರ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ಕ್ಷೇಮ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಹಂಚಿಕೊಂಡು ಅವರವರ ಭಾಗದಲ್ಲಿ ಉಳುಮೆ ಮಾಡುತ್ತಿರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ರಾಗಿಗೂ ಜೋಳಕ್ಕೂ ಅಷ್ಟು ಸಾಕು, ಏಕೆಂದರೆ ಬೆಳೆ ನಾಲ್ಕು ತಿಂಗಳಲ್ಲಿ ಮನೆ ಸೇರುತ್ತದೆ. ಮರ ಹಾಗಲ್ಲ. ಇವತ್ತು ನೆಟ್ಟ ತೇಗ ಕಟಾವಿಗೆ ಬರುವ ಹೊತ್ತಿಗೆ ಮುಂದಿನ ತಲೆಮಾರು ಖಾತೆದಾರರಾಗಿರುತ್ತದೆ, ಆಗ ಮರ ಯಾರ ಪಾಲಿನ ಬದುವಿನಲ್ಲಿದೆ ಎಂಬ ಪ್ರಶ್ನೆಗೆ ಪೋಡಿ ನಕ್ಷೆ (ಪಾಲುಗಳನ್ನು ಅಳೆದು ಬೇರ್ಪಡಿಸಿದ ಸರ್ವೆ ನಕ್ಷೆ) ಬಿಟ್ಟರೆ ಬೇರೆ ಉತ್ತರ ಇರುವುದಿಲ್ಲ. ಗಡಿಯಂಚಿನಲ್ಲಿ ಸಾಲು ನೆಡುವವರು ಮೊದಲೇ ಹದ್ದುಬಸ್ತು (ಸರ್ವೆಯವರಿಂದ ಗಡಿ ಗುರುತು) ಮಾಡಿಸಿಕೊಂಡರೆ ನೆರೆಯವರೊಡನೆ ಮುಂದೆ ಬರಬಹುದಾದ ಜಗಳ ಅಲ್ಲಿಗೇ ನಿಲ್ಲುತ್ತದೆ.

ದರ್ಖಾಸ್ತಿನಲ್ಲಿ (ಅರ್ಜಿಯ ಮೇಲೆ ಸರ್ಕಾರದಿಂದ) ಮಂಜೂರಾದ ಜಮೀನು, ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟ ಮುಂತಾದ ಕಡೆ ಮರದ ಮೇಲಿನ ಹಕ್ಕು ಸಾಮಾನ್ಯ ಹಿಡುವಳಿಯಂತೆ ಇರುವುದಿಲ್ಲ. ಅಂಥಲ್ಲಿ ಮಂಜೂರಾತಿ ಆದೇಶದ ಷರತ್ತುಗಳನ್ನು ಪೂರ್ತಿ ಓದದೆ ಒಂದು ಸಸಿಯನ್ನೂ ನೆಡಬೇಡಿ.

ನಮ್ಮ ನೆಲಕ್ಕೆ ಯಾವ ಮರ ಸರಿ?

ಸುತ್ತಲಿನ ಹಳೆಯ ಬದುಗಳಲ್ಲಿ, ಗೋಮಾಳದ ಅಂಚಿನಲ್ಲಿ ಯಾರೂ ನೀರು ಹಾಕದೆ ಬೆಳೆದು ನಿಂತಿರುವ ಮರಗಳನ್ನು ನೋಡಿ. ಅದಕ್ಕಿಂತ ಒಳ್ಳೆಯ ಸಲಹೆ ಯಾವ ಪುಸ್ತಕದಲ್ಲೂ ಇಲ್ಲ. ವಿಜಯಪುರ, ರಾಯಚೂರಿನ ಕಪ್ಪು ನೆಲದಲ್ಲಿ ಬೇವು, ಬನ್ನಿ, ಕರಿಜಾಲಿ ಒಗ್ಗುತ್ತವೆ. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಮಣ್ಣಿನ ಬಯಲಿನಲ್ಲಿ ಹುಣಸೆ, ಹೊಂಗೆ, ಬೇವು, ನೇರಳೆ, ಶ್ರೀಗಂಧ ಚೆನ್ನಾಗಿ ಬರುತ್ತವೆ. ಮಲೆನಾಡಿನಲ್ಲಿ ಹೊನ್ನೆ, ಮತ್ತಿ, ನಂದಿ, ಹಲಸು, ಜೊತೆಗೆ ಮುರುಗಲು ಮತ್ತು ಉಪ್ಪಾಗೆಯನ್ನೂ ನೆಡಬಹುದು. ಕೊನೆಯ ಎರಡು ಮರ ಕಡಿಯದೆಯೇ ವರ್ಷವರ್ಷ ಹಣ್ಣಿನಿಂದ ಆದಾಯ ಕೊಡುತ್ತವೆ.

ಹೆಬ್ಬೇವಿನ ಬಗ್ಗೆ ಒಂದು ಮಾತು. ಪ್ಲೈವುಡ್ ಕಾರ್ಖಾನೆಗಳಿಗೆ ಬೇಕಾದ ಈ ಮರ ಆರೆಂಟು ವರ್ಷಕ್ಕೆ ಕಟಾವಿಗೆ ಬರುತ್ತದೆ ಎಂಬುದು ನಿಜ, ಆದರೆ ಆ ವೇಗ ನೀರು ಮತ್ತು ಆಳವಾದ ಮಣ್ಣು ಇರುವಲ್ಲಿ ಮಾತ್ರ. ಕಲ್ಲು ನೆಲದಲ್ಲಿ, ಮಳೆಯನ್ನೇ ನಂಬಿ ನೆಟ್ಟ ಹೆಬ್ಬೇವು ಅಷ್ಟೇ ವರ್ಷದಲ್ಲಿ ಬೇಲಿಗೂಟದ ಗಾತ್ರಕ್ಕೆ ನಿಂತಿರುತ್ತದೆ.

ಎಷ್ಟು ಅಂತರದಲ್ಲಿ ನೆಡಬೇಕು?

ಇಡೀ ಜಾಗದಲ್ಲಿ ನೆಡುವುದಾದರೆ 5 ಮೀಟರ್‌ಗೆ 5 ಮೀಟರ್ ಅಂತರಕ್ಕೆ ಹೆಕ್ಟೇರಿಗೆ ಸರಿಯಾಗಿ 400 ಗುಂಡಿಗಳಾಗುತ್ತವೆ. ಯೋಜನೆಯ ಮಿತಿಯೂ ಅದೇ. ಬದುವಿನ ನಾಟಿಗೆ 3 ಮೀಟರ್ ಸಾಕು. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್, ಅಂದರೆ ಬೆಳೆಯ ಜಾಗವನ್ನು ಮುಟ್ಟದೆ ನಾಲ್ಕೂ ಬದುಗಳಲ್ಲಿ 84 ಮರಗಳು ಹಿಡಿಸುತ್ತವೆ. ಹುಣಸೆ, ಹಲಸಿನಂಥ ಅಗಲ ನೆತ್ತಿಯ ಮರಗಳಿಗೆ ಇದರ ಮೂರು ಪಟ್ಟು ಅಂತರ ಬೇಕು. ವಿದ್ಯುತ್ ತಂತಿಯ ಕೆಳಗೆ ಎತ್ತರದ ಮರ ಬೇಡವೇ ಬೇಡ. ನೀವು ಬೆಳೆಸಿದ್ದನ್ನು ಲೈನ್‌ಮನ್ ಪ್ರತಿ ವರ್ಷ ತಲೆ ಕತ್ತರಿಸಿ ಹೋಗುತ್ತಾರೆ.

ಗುಂಡಿ ಯಾವಾಗ ತೆಗೆಯಬೇಕು, ಸಸಿ ಹೇಗೆ ನೆಡಬೇಕು?

ಗುಂಡಿಗಳನ್ನು ಬೇಸಿಗೆಯಲ್ಲೇ, ಒಂದೂವರೆ ಅಡಿ ಉದ್ದ, ಅಗಲ, ಆಳಕ್ಕೆ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕಿಸಿ. ರೋಹಿಣಿ ಮಳೆಯ ಹಸಿ ಕಂಡ ಕೂಡಲೇ ನೆಡಲು ಅವಸರ ಮಾಡುವವರು ಬಹಳ ಮಂದಿ, ಆದರೆ ಆ ಮಳೆಯ ನಂತರ ಹದಿನೈದು ದಿನ ಬಿಸಿಲು ಕಾಯ್ದರೆ ಸಸಿ ಒಣಗುತ್ತದೆ. ಮಲೆನಾಡಿನಲ್ಲಿ ಮೃಗಶಿರಾದ ಕೊನೆಗೆ ಅಥವಾ ಆರಿದ್ರಾದಲ್ಲಿ, ಗುಂಡಿಯ ತಳದವರೆಗೆ ತೇವ ಇಳಿದ ಮೇಲೆ ನೆಡುವುದು ಸರಿ. ಬಯಲುಸೀಮೆಯ ಒಣ ತಾಲ್ಲೂಕುಗಳಲ್ಲಿ ಇನ್ನೂ ಸ್ವಲ್ಪ ಕಾಯಬೇಕಾಗಬಹುದು.

ನಾಟಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಪ್ಲಾಸ್ಟಿಕ್ ಚೀಲಕ್ಕೆ ಸಂಬಂಧಿಸಿದ್ದು. ಕೂಲಿಯವರು ಆತುರದಲ್ಲಿ ಚೀಲದ ಸಮೇತ ಗುಂಡಿಗಿಳಿಸುತ್ತಾರೆ, ಇಲ್ಲವೇ ಸಸಿಯ ಕುತ್ತಿಗೆ ಹಿಡಿದು ಎಳೆದು ಚೀಲ ಬಿಡಿಸುತ್ತಾರೆ. ಎರಡೂ ತಪ್ಪು. ಸಸಿಯನ್ನು ಅಡ್ಡ ಮಲಗಿಸಿ, ಬ್ಲೇಡಿನಿಂದ ಚೀಲದ ತಳವನ್ನು ಅರ್ಧ ಇಂಚು ಮಣ್ಣಿನ ಸಮೇತ ಕೊಯ್ದು ತೆಗೆಯಿರಿ. ವರ್ಷಗಟ್ಟಲೆ ಸಸ್ಯಕ್ಷೇತ್ರದಲ್ಲಿದ್ದ ಸಸಿಯಾದರೆ ತಾಯಿಬೇರು ಅಲ್ಲಿ ಸಿಂಬಿಯಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ಆ ಸುತ್ತು ಹಾಗೇ ಉಳಿದರೆ ಮರ ಐದಾರು ವರ್ಷ ಚೆನ್ನಾಗಿಯೇ ಬೆಳೆದು, ಒಂದು ದಿನ ಜೋರು ಗಾಳಿಗೆ ಬುಡಸಮೇತ ಮಗುಚಿಕೊಳ್ಳುತ್ತದೆ. ತಳ ಕೊಯ್ದ ನಂತರ ಚೀಲದ ಪಕ್ಕವನ್ನು ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಕೈಯಲ್ಲಿ ಗುಂಡಿಗಿಳಿಸಿ, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಕಾಲಿನಿಂದ ಮೆಲ್ಲಗೆ ಒತ್ತಿ. ಬಿಡಿಸಿದ ಚೀಲಗಳನ್ನು ಎಣಿಸಿ ಮನೆಗೆ ತನ್ನಿ: ಚೀಲದ ಲೆಕ್ಕ ನೆಟ್ಟ ಸಸಿಯ ಲೆಕ್ಕಕ್ಕೆ ತಾಳೆಯಾಗದಿದ್ದರೆ ಯಾವುದೋ ಗುಂಡಿಯೊಳಗೆ ಪ್ಲಾಸ್ಟಿಕ್ ಉಳಿದಿದೆ ಎಂದರ್ಥ.

ಮೊದಲ ಬೇಸಿಗೆ ದಾಟಿಸುವುದು ಹೇಗೆ?

ಸ್ವಾತಿ ಮಳೆ ಮುಗಿಯುತ್ತಿದ್ದಂತೆ ಬುಡದ ಕಳೆ ತೆಗೆದು, ಸುತ್ತಲೂ ಎರಡು ಅಡಿ ಅಗಲಕ್ಕೆ ಒಣ ಸೊಪ್ಪು ಅಥವಾ ತೆಂಗಿನ ಸಿಪ್ಪೆ ಹೊದಿಸಿ. ಇಳಿಜಾರಿನಲ್ಲಿ ಸಸಿಯ ಕೆಳಬದಿಗೆ ಅರ್ಧಚಂದ್ರಾಕಾರದ ಏರಿ ಕಟ್ಟಿದರೆ ಹಿಂಗಾರಿನ ಒಂದೆರಡು ಮಳೆಯ ನೀರೂ ಅಲ್ಲೇ ಇಂಗುತ್ತದೆ. ಫೆಬ್ರುವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಸಿಕ್ಕರೆ ಬಯಲುಸೀಮೆಯ ಹೆಚ್ಚಿನ ಜಾತಿಗಳು ಉಳಿಯುತ್ತವೆ. ಗೆದ್ದಲಿರುವ ನೆಲದಲ್ಲಿ ಗುಂಡಿಗೆ ಬೇವಿನ ಹಿಂಡಿ ಬೆರೆಸುವುದು ರೂಢಿ.

ನೀರಿಗಿಂತ ದೊಡ್ಡ ಸಮಸ್ಯೆ ಮೇಕೆ. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ದನಕುರಿ ಬಿಡುವುದು ಊರಿನ ಹಳೆಯ ಪದ್ಧತಿ, ಅದನ್ನು ಒಬ್ಬ ರೈತ ತಡೆಯಲಾಗದು. ಪ್ರತಿ ಸಸಿಗೂ ಜಾಲಿಮುಳ್ಳಿನ ಸುತ್ತು ಕಟ್ಟಿ, ಕುರಿ ಕಾಯುವವರಿಗೆ ಮೊದಲೇ ಹೇಳಿಡುವುದು ತಂತಿ ಬೇಲಿಗಿಂತ ಅಗ್ಗದ ದಾರಿ. ಬೆಂಕಿಗೆ, ಜನವರಿಯೊಳಗೆ ಜಮೀನಿನ ಸುತ್ತ ಹತ್ತು ಅಡಿ ಅಗಲ ಹುಲ್ಲು ಕೆರೆದು ಬೆಂಕಿ ರೇಖೆ ಮಾಡಿ.

ಮರದ ನೆರಳಿನಿಂದ ಬೆಳೆ ಕಡಿಮೆಯಾಗುವುದಿಲ್ಲವೇ?

ಆಗುತ್ತದೆ. ಇದನ್ನು ಮುಚ್ಚಿಟ್ಟು ಹೇಳುವ ಸಲಹೆಗಾರರನ್ನು ನಂಬಬೇಡಿ. ಸಾಲುಗಳನ್ನು ಪೂರ್ವ-ಪಶ್ಚಿಮವಾಗಿ ನೆಟ್ಟರೆ, ಕೆಳಗಿನ ಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರಿದರೆ, ಮರದ ಸಾಲಿಗೂ ಬೆಳೆಗೂ ನಡುವೆ ಎರಡು ಅಡಿ ಆಳದ ಕಾಲುವೆ ತೆಗೆದು ಮೇಲ್ಬೇರುಗಳನ್ನು ಕತ್ತರಿಸಿದರೆ ನಷ್ಟ ಕಡಿಮೆಯಾಗುತ್ತದೆ. ಹೊಂಗೆಯ ಬದುವಿಟ್ಟವರಿಗೆ ಗದ್ದೆಗೆ ಹಸಿರೆಲೆ ಗೊಬ್ಬರವೂ ಸಿಗುತ್ತದೆ ಎಂಬುದು ಲೆಕ್ಕದ ಇನ್ನೊಂದು ಬದಿ.

ಶ್ರೀಗಂಧ ಬೆಳೆಯಬಹುದೇ? ಮರ ನನ್ನದೇ ಆಗುತ್ತದೆಯೇ?

ಬೆಳೆಯಬಹುದು, ಮರವೂ ನಿಮ್ಮದೇ. ಗಂಧದ ಮರ ಯಾರ ಜಮೀನಿನಲ್ಲಿದ್ದರೂ ಸರ್ಕಾರದ್ದು ಎಂಬ ಕಾಲವಿತ್ತು. 1963ರ ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ಜಮೀನಿನ ಮಾಲೀಕರಿಗೇ ಅದರ ಹಕ್ಕು ಬಂತು. ಕಡಿಯಲು ಮತ್ತು ಸಾಗಿಸಲು ಅನುಮತಿ ಬೇಕೆಂಬುದು ಮಾತ್ರ ಹಾಗೆಯೇ ಇದೆ. ನೆಟ್ಟ ವರ್ಷವೇ ಪಹಣಿಯ ಬೆಳೆ ಕಾಲಂನಲ್ಲಿ ಶ್ರೀಗಂಧವನ್ನು, ಮರಗಳ ಸಂಖ್ಯೆಯೊಡನೆ ದಾಖಲು ಮಾಡಿಸಿ.

ಶ್ರೀಗಂಧ ಅರೆಪರಾವಲಂಬಿ ಗಿಡ, ಬೇರಿನಿಂದ ಬೇರೆ ಗಿಡಗಳ ಬೇರನ್ನು ಹಿಡಿದು ಆಹಾರ ಎಳೆಯುತ್ತದೆ. ಆದ್ದರಿಂದ ಸಸಿ ಚಿಕ್ಕದಿರುವಾಗ ಪಕ್ಕದಲ್ಲೇ ತೊಗರಿ ಹಾಕಿ, ಶಾಶ್ವತ ಆಸರೆಗೆ ಹೊಂಗೆ ಅಥವಾ ಗಾಳಿಮರದಂಥ ಗಿಡವನ್ನು ನಡುನಡುವೆ ನೆಡಬೇಕು. ಒಂಟಿಯಾಗಿ ನೆಟ್ಟ ಗಂಧ ಹಳದಿಗಟ್ಟಿ ಸೊರಗುವುದಕ್ಕೆ ಗೊಬ್ಬರದ ಕೊರತೆಗಿಂತ ಆಸರೆಯ ಕೊರತೆಯೇ ಹೆಚ್ಚಿನ ಸಲ ಕಾರಣ. ಬೆಲೆ ಇರುವುದು ಚೇಗಿಗೆ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿಗೆ, ಅದು ಒಳ್ಳೆಯ ಪ್ರಮಾಣದಲ್ಲಿ ಕೂಡಲು ಹದಿನೈದು ವರ್ಷವಾದರೂ ಬೇಕು. ಚೇಗು ಕೂಡಿದ ಮೇಲೆ ಕಳ್ಳರ ಕಾಟವೂ ಶುರು. ಮನೆ ಊರೊಳಗೆ, ಜಮೀನು ಮೂರು ಕಿಲೋಮೀಟರ್ ಆಚೆ ಇರುವವರು ಕಾವಲಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿ ಮುಂದುವರಿಯಬೇಕು. ಹೆಚ್ಚಿನ ಮಾಹಿತಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲೂ ವಿಚಾರಿಸಬಹುದು.

ಬಿದಿರಿಗೆ ಬೇರೆ ಸಹಾಯಧನ ಇದೆಯೇ?

2018ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಬಿದಿರು ಅಭಿಯಾನದಲ್ಲಿ ಖಾಸಗಿ ಜಮೀನಿನ ರೈತರಿಗೆ ಗಿಡವೊಂದಕ್ಕೆ 120 ರೂಪಾಯಿ ನೆರವನ್ನು ಮೂರು ವರ್ಷಗಳಲ್ಲಿ 50:30:20ರ ಅನುಪಾತದಲ್ಲಿ ಕೊಡುವ ಏರ್ಪಾಡು ಬಂತು. ಅದಕ್ಕೂ ಮುಂಚೆ, 2017ರ ನವೆಂಬರ್‌ನಲ್ಲಿ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯಿದೆಯ ಮರದ ವ್ಯಾಖ್ಯೆಯಿಂದ ಕೈಬಿಡಲಾಯಿತು. ಆನೆ ತಿರುಗಾಡುವ ಊರುಗಳಲ್ಲಿ ಬಿದಿರು ನೆಡುವುದೆಂದರೆ ಆನೆಗೆ ಊಟಕ್ಕೆ ಕರೆದಂತೆ.

ನರೇಗಾ ಕೂಲಿಯಿಂದ ಸಸಿ ನೆಡಿಸಬಹುದೇ?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಣ್ಣ ಮತ್ತು ಅತಿ ಸಣ್ಣ ರೈತರು, ಮಹಿಳೆ ಮುಖ್ಯಸ್ಥೆಯಾಗಿರುವ ಕುಟುಂಬ ಮುಂತಾದವರ ಜಮೀನಿನಲ್ಲಿ ಗುಂಡಿ ತೆಗೆಯುವ, ನೆಡುವ ಕೆಲಸವನ್ನು ವೈಯಕ್ತಿಕ ಕಾಮಗಾರಿಯಾಗಿ ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸುವ ಕ್ರಮ ನರೇಗಾದಲ್ಲಿ ಬೆಳೆದು ಬಂದಿದೆ. ಇದಕ್ಕೆ ಸಾಮಾಜಿಕ ಅರಣ್ಯ ವಿಭಾಗವನ್ನು ಕಾಣಬೇಕು. ಒಂದೇ ಸಸಿಗೆ ಎರಡು ಯೋಜನೆಗಳಲ್ಲಿ ಹಣ ಕೇಳಬೇಡಿ.

ನೀಲಗಿರಿ ಹಾಕಿದರೆ ಏನು?

ಹಣವೂ ಇಲ್ಲ, ಅನುಮತಿಯೂ ಇಲ್ಲ. ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರ 2017ರ ಫೆಬ್ರುವರಿಯಲ್ಲಿ ನೀಲಗಿರಿ ಮತ್ತು ಅಕೇಶಿಯಾ ಬೆಳೆಸುವುದನ್ನು ನಿಷೇಧಿಸಿತು.

ಬೆಳೆದ ಮರ ಕಡಿಯಲು ಯಾರ ಅನುಮತಿ ಬೇಕು?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ 8ನೇ ಕಲಮಿನಂತೆ, ಸ್ವಂತ ಜಮೀನಿನಲ್ಲಿದ್ದರೂ ಮರ ಕಡಿಯಲು ವೃಕ್ಷಾಧಿಕಾರಿಯ (ಈ ಕಾಯಿದೆಯಡಿ ನೇಮಕವಾದ ಅರಣ್ಯ ಅಧಿಕಾರಿಯ) ಪೂರ್ವಾನುಮತಿ ಬೇಕು. ತೆಂಗು, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸೀಡಿಯಾ, ರಬ್ಬರ್ ಮುಂತಾದ ಕೆಲವಕ್ಕೆ ವಿನಾಯಿತಿಯಿದೆ. ಒಂದು ವೈಚಿತ್ರ್ಯ ನೋಡಿ: ಕಡಿಯಲು ಅನುಮತಿ ಬೇಡದ ಮರಗಳಲ್ಲಿ ಬಹಳಷ್ಟಕ್ಕೆ ನೆಡಲು ಪ್ರೋತ್ಸಾಹಧನ ಇಲ್ಲ, ಪ್ರೋತ್ಸಾಹಧನ ಕೊಟ್ಟು ನೆಡಿಸುವ ತೇಗ, ಹೊನ್ನೆಯನ್ನು ಕಡಿಯಲು ಅನುಮತಿ ಬೇಕು. ಅರ್ಜಿಯ ಜೊತೆ ಪಹಣಿ, ನಕ್ಷೆ, ಮರಗಳ ಪಟ್ಟಿ ಕೊಟ್ಟ ನಂತರ ಸಿಬ್ಬಂದಿ ಸ್ಥಳಕ್ಕೆ ಬಂದು ಮರಗಳಿಗೆ ಸಂಖ್ಯೆ ಹಾಕಿ ಅಳತೆ ಬರೆದುಕೊಳ್ಳುತ್ತಾರೆ. ನೆಟ್ಟ ರಸೀದಿ, ಮೂರು ಕಂತು ಬಂದ ಪಾಸ್‌ಬುಕ್ ನಮೂದು, ಪಹಣಿಯ ದಾಖಲೆ ಈ ಮೂರನ್ನೂ ಮುಂದಿಟ್ಟವರ ಮರ ತಾವೇ ಬೆಳೆಸಿದ್ದು ಎಂಬುದರಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.

ದಿಮ್ಮಿ ಸಾಗಿಸಲು ಪ್ರತ್ಯೇಕವಾಗಿ ರಹದಾರಿ (ಸಾಗಣೆ ಪರವಾನಗಿ) ಬೇಕು. ಇದಕ್ಕಾಗಿ ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ದೇಶವ್ಯಾಪಿ ಆನ್‌ಲೈನ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ಕೃಷಿ ಜಮೀನಿನ ಮರ ಕಡಿಯುವುದನ್ನು ಸರಳಗೊಳಿಸುವ ಮಾದರಿ ನಿಯಮಗಳನ್ನೂ 2025ರಲ್ಲಿ ರಾಜ್ಯಗಳಿಗೆ ಕಳುಹಿಸಿತು. ಮಾದರಿ ಎಂದರೆ ಮಾದರಿಯೇ, ರಾಜ್ಯದ ಕಾಯಿದೆ ಇರುವವರೆಗೆ ಅದೇ ನಡೆಯುತ್ತದೆ.

ಮರ ದಟ್ಟವಾದರೆ ನನ್ನ ಜಮೀನನ್ನು ಅರಣ್ಯ ಎಂದು ಘೋಷಿಸುತ್ತಾರೆಯೇ?

ಮಲೆನಾಡಿನಲ್ಲಿ ಈ ಭಯಕ್ಕೆ ಕಾರಣವಿದೆ. ಸುಪ್ರೀಂ ಕೋರ್ಟಿನ 1996ರ ಆದೇಶದ ನಂತರ ರಾಜ್ಯದಲ್ಲಿ ಡೀಮ್ಡ್ ಅರಣ್ಯವೆಂದು (ಅಧಿಸೂಚನೆ ಇಲ್ಲದಿದ್ದರೂ ಕಾಡಿನ ಲಕ್ಷಣವಿರುವುದರಿಂದ ಅರಣ್ಯವೆಂದೇ ಪರಿಗಣಿಸುವ ಜಾಗ) ಗುರುತಿಸಿದ್ದ 9.94 ಲಕ್ಷ ಹೆಕ್ಟೇರಿನಲ್ಲಿ ಎಷ್ಟೋ ಜನರ ಸಾಗುವಳಿಯೂ ಸೇರಿಹೋಗಿತ್ತು. 2022ರಲ್ಲಿ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ಪ್ರೋತ್ಸಾಹ ಯೋಜನೆಯಲ್ಲಿ ಸಸಿ ನೆಟ್ಟ ಮಾತ್ರಕ್ಕೆ ಹಿಡುವಳಿಯ ಒಡೆತನ ಬದಲಾಗುವುದಿಲ್ಲ. ನೆಡುವ ಮೊದಲು ಖಾಲಿ ನೆಲದ ಫೋಟೊವನ್ನು ದಿನಾಂಕ ಸಹಿತ ತೆಗೆದಿಡಿ. ಸ್ವಾಭಾವಿಕ ಕಾಡಲ್ಲ, ನೆಟ್ಟ ತೋಪು ಎನ್ನಲು ಅದಕ್ಕಿಂತ ಸರಳ ಸಾಕ್ಷಿ ಇಲ್ಲ.

ಕಂಪನಿಯವರು ಬಂದು ಇಷ್ಟು ವರ್ಷಕ್ಕೆ ಕೋಟಿ ಬರುತ್ತದೆ ಎನ್ನುತ್ತಿದ್ದಾರೆ. ನಂಬಬಹುದೇ?

ಅವರು ಇವತ್ತಿನ ಚೇಗಿನ ಬೆಲೆಯನ್ನು ನೆಟ್ಟ ಎಲ್ಲ ಸಸಿಗಳ ಸಂಖ್ಯೆಯಿಂದ ಗುಣಿಸಿರುತ್ತಾರೆ. ಸತ್ತದ್ದು, ಕಳುವಾದದ್ದು, ಚೇಗು ಕೂಡದ್ದು ಆ ಲೆಕ್ಕದಲ್ಲಿ ಇರುವುದಿಲ್ಲ. ಮರಳಿ ಕೊಳ್ಳುವ ಒಪ್ಪಂದವಿದ್ದರೆ ಬೆಲೆಯನ್ನು ಯಾರು, ಯಾವಾಗ ನಿಗದಿ ಮಾಡುತ್ತಾರೆ ಎಂಬ ಸಾಲನ್ನು ಹುಡುಕಿ ಓದಿ, ವಕೀಲರಿಗೂ ತೋರಿಸಿ.

ವರ್ಷ ಕಳೆದರೂ ಪರಿಶೀಲನೆಗೆ ಯಾರೂ ಬಂದಿಲ್ಲ. ಹಣ ಹೋಯಿತೇ?

ಸುಮ್ಮನೆ ಕಾಯಬೇಡಿ. ಉಪ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅವರು ಬರುವ ಹಿಂದಿನ ದಿನ ಸಸಿಯ ಸುತ್ತಲಿನ ಹುಲ್ಲು ಸವರಿ, ಪ್ರತಿ ಸಸಿಯ ಪಕ್ಕದ ಗೂಟಕ್ಕೆ ಸುಣ್ಣ ಬಳಿದು, ಸಾಲುವಾರು ಸಂಖ್ಯೆ ಬರೆದ ಚೀಟಿ ಕೈಯಲ್ಲಿಟ್ಟುಕೊಳ್ಳಿ. ಆಳೆತ್ತರದ ಹುಲ್ಲಿನಲ್ಲಿ ಕಾಣದ ಸಸಿಯನ್ನು ಯಾರೂ ಎಣಿಸುವುದಿಲ್ಲ. ಎಣಿಕೆ ಮುಗಿದ ಮೇಲೆ ಅವರ ಪುಸ್ತಕದಲ್ಲಿ ಬರೆದ ಅಂಕಿ ನಿಮ್ಮ ಚೀಟಿಯ ಅಂಕಿಗೆ ಸರಿಹೊಂದುತ್ತದೆಯೇ ಎಂದು ನೋಡಿದ ನಂತರವೇ ಸಹಿ ಹಾಕಿ.